ಓರಿನ್ ಮಾವನ ಹೆಬ್ಬೆರಳ ಅಳತೆ

ನನ್ನ ಅಕ್ಷರ ದುಂಡಗಿಲ್ಲ, ಬರೆಯಲು ಮಾತೂ ಸಾಲದು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ದಯವಿಟ್ಟು ಕ್ಷಮಿಸಿ. ರೋಡಿಯೋ ಸಭಾಂಗಣದಲ್ಲಿ ಓರಿನ್ ಟಾಲಿವರ್ ಮಾವನ ಚಿತ್ರದ ಕೆಳಗೆ ಹಾಕಲು ಒಂದು ಹಾಳೆ ಕೇಳಿದ್ದಾರೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಒದೆಯುವ ಕುದುರೆಯ ಮೇಲೆ ಎಂಟು ಸೆಕೆಂಡು ಕೂರುವ ರೋಡಿಯೋ ಆಟದಲ್ಲಿ ಮಾವ ಎರಡು ಸಲ ನಮ್ಮ ವಯೋಮಿಂಗ್ ರಾಜ್ಯದ ಚಾಂಪಿಯನ್. ಆಮೇಲೆ ಹನ್ನೊಂದು ವರ್ಷ ಸಿನಿಮಾಗಳಲ್ಲಿ ನಾಯಕರ ಬದಲು ಕುದುರೆಯಿಂದ ಬಿದ್ದರು. ಅವರ ಬೆನ್ನನ್ನು ಎಲ್ಲರೂ ನೋಡಿದ್ದಾರೆ, ಮುಖವನ್ನು ಯಾರೂ ನೋಡಿಲ್ಲ. ಕಳೆದ ಚಳಿಗಾಲ ಚಿತ್ರೀಕರಣದಲ್ಲಿ ಹಗ್ಗ ಸುತ್ತಿಕೊಂಡು ಬಲಗೈಯ ಅರ್ಧ ಹೆಬ್ಬೆರಳು ಹೋಯಿತು. ಆಗ ನಿರ್ಮಾಪಕನೊಬ್ಬ, "ಊರಿನ ರೋಡಿಯೋ ಇನ್ನೊಂದ್ಸಲ ಗೆದ್ದು ಬನ್ನಿ, ಮುಖ ತೋರಿಸೋ ಪಾತ್ರ ಕೊಡ್ತೀನಿ" ಎಂದ.

ಮೊನ್ನೆ ಶನಿವಾರ ಮಾವ ಎಂಬತ್ತೊಂದು ಅಂಕ ಗಳಿಸಿ ಮುಂದಿದ್ದರು. ಉಳಿದವನು ಡೆಲ್ ಹ್ಯಾಸ್ಕಿನ್ಸ್ ಒಬ್ಬನೇ. ಅವನ ಪಾಲಿಗೆ ಬಂದದ್ದು ಗ್ರೇವಿ ಎಂಬ ಕುದುರೆ. ಅದನ್ನು ಈ ಮೊದಲು ಏರಿದ್ದವರು ಮಾವ ಮಾತ್ರ, ಅದೂ ಜೂನ್‌ನಲ್ಲಿ. ಲಗಾಮು ಎಷ್ಟುದ್ದ ಹಿಡಿಯಬೇಕೆಂದು ಮೊದಲು ಏರಿದವರನ್ನು ಕೇಳುವುದು ನಮ್ಮಲ್ಲಿ ಪದ್ಧತಿ. ಎದುರಾಳಿಗೂ ಸುಳ್ಳು ಹೇಳುವಂತಿಲ್ಲ.

ಬೆಳಿಗ್ಗೆ ಡೆಲ್ ಕೇಳಿದ್ದ: "ಏನ್ ಮುದುಕಪ್ಪ, ಗ್ರೇವಿಗೆ ಎಷ್ಟು?"

"ಜೀನಿನ ಮುಂದಿನ ಉಬ್ಬಿಂದ ಒಂದು ಮುಷ್ಟಿ, ಒಂದು ಹೆಬ್ಬೆರಳು. ಬಿದ್ರೆ ಅಳ್ಬೇಡ ಮಗಾ, ನಿಮ್ಮಮ್ಮ ನೋಡ್ತಿರ್ತಾಳೆ."

ಡೆಲ್ ಹಾಗೆಯೇ ಅಳೆದು, ಕುದುರೆಯನ್ನು ಅಂಗಳಕ್ಕೆ ಬಿಡುವ ಇಕ್ಕಟ್ಟಾದ ಗೂಡಿನಲ್ಲಿ ಅದರ ಮೇಲೆ ಕೂತ. ಬೇಲಿಯ ಮೇಲಿದ್ದ ಮಾವ ಕೈಗವಸು ಕಳಚತೊಡಗಿದರು. ಅದರ ಹೆಬ್ಬೆರಳ ತುದಿ ಖಾಲಿಯಾಗಿ ಜೋತುಬಿತ್ತು. ಮಾವ ಅದನ್ನೇ ದಿಟ್ಟಿಸಿದರು. ಆಗಲೇ ಅವರಿಗೆ ಹೊಳೆದದ್ದು: ಜೂನ್‌ನಲ್ಲಿ ಅಳೆದದ್ದು ಈ ಮೋಟು ಬೆರಳಿನಿಂದ! ಡೆಲ್‌ನ ಬೆರಳು ಪೂರ್ತಿ ಇದೆ. ಅವನ ಲಗಾಮು ಒಂದಿಂಚು ಸಡಿಲ; ಮೊದಲ ಜಿಗಿತಕ್ಕೇ ಹಿಂದಕ್ಕೆ ಉರುಳುತ್ತಾನೆ.

ಸುಮ್ಮನಿದ್ದರೆ ಪಾತ್ರ ಮಾವನದೇ. ಅದನ್ನು ಸುಳ್ಳೆಂದು ಯಾರೂ ಅನ್ನುತ್ತಿರಲಿಲ್ಲ. ಬಾಗಿಲು ತೆಗೆಯಲು ಡೆಲ್ ತಲೆಯಾಡಿಸುವುದೊಂದೇ ಬಾಕಿ. ಮಾವ ಬೇಲಿಯ ಮೇಲೆ ಎದ್ದು ನಿಂತು ಕೈಯೆತ್ತಿದರು.

"ಡೆಲ್! ತಡಿಯೋ! ಅದು ನನ್ನ ಹೆಬ್ಬೆರಳು, ಈ ಮೋಟು! ಒಂದಿಂಚು ಕಮ್ಮಿ ಹಿಡಿ!"

ಡೆಲ್ ಮಾವನ ಎತ್ತಿದ ಕೈ ನೋಡಿದ. "ಈಗ ಹೇಳ್ತೀಯಲ್ಲೋ ಪುಣ್ಯಾತ್ಮ!" ಎಂದು ಬೈಯುತ್ತಲೇ ಹಿಡಿತ ಸರಿಸಿಕೊಂಡ. ಬಾಗಿಲು ತೆರೆಯಿತು. ಎಂಟು ಸೆಕೆಂಡು ಮಾವ ಬೇಲಿಯ ಹಲಗೆ ಬಿಡಲಿಲ್ಲ. ಡೆಲ್ ಬೀಳಲಿಲ್ಲ. ಎಂಬತ್ತಮೂರು ಅಂಕ.

"ಹೋಗ್ಲಿ ಬಿಡು," ಎಂದರು ಮಾವ, ನನ್ನ ಕಡೆ ನೋಡದೆ. "ಈ ಮುಖಕ್ಕೆ ಟಿಕೆಟ್ ಯಾರು ತಗೋತಾರೆ?"

ಸೋಮವಾರ ಅವರು ಮತ್ತೆ ಬೀಳುವ ಕೆಲಸಕ್ಕೆ ಹೊರಟುಹೋದರು. ಚಳಿಗಾಲದಿಂದೀಚೆಗೆ ಅವರಿಂದ ಬೇರೆ ಕುದುರೆಗಳ ಅಳತೆ ಕೇಳಿಕೊಂಡವರು ಇನ್ನೂ ನಾಲ್ವರಿದ್ದಾರೆ. ನಾಳೆ ಈ ಹಾಳೆ ಕೊಟ್ಟು, ಆ ನಾಲ್ವರ ಮನೆಗೂ ಹೋಗಿ, ಒಂದಿಂಚು ಕಡಿಮೆ ಹಿಡಿಯಿರಿ ಎಂದು ಹೇಳಿ ಬರುತ್ತೇನೆ.