ರಾಣಿಯ ತಲೆನೋವು

ನಮ್ಮ ಮನೆಯಲ್ಲಿ ಯಾರಾದರೂ ತಲೆನೋವು ಎಂದರೆ ನಾನು ಕೂತಲ್ಲಿ ಕೂರಲಾರೆ. ಉಣ್ಣುತ್ತಿದ್ದರೆ ಕೈ ತೊಳೆದು ಎದ್ದುಬಿಡುತ್ತೇನೆ, ಮಾತ್ರೆಗೆ ಮನೆಯೆಲ್ಲ ತಡಕಾಡುತ್ತೇನೆ, ಸಿಗದಿದ್ದರೆ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಡುತ್ತೇನೆ. ‘ಬರೀ ತಲೆನೋವು ಕಣಮ್ಮ, ಯಾಕಿಷ್ಟು ಗಾಬರಿ?’ ಎಂದು ಮಕ್ಕಳು ನಗುತ್ತಾರೆ. ನಗಲಿ. ಅವರಿಗೆ ಆ ರಾಣಿಯ ವಿಷಯ ಗೊತ್ತಿಲ್ಲ.

ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ, ತನ್ನಷ್ಟಕ್ಕೆ ತಾನೇ ಒಂದು ಪುಟ್ಟ ರಾಜ್ಯವಾಗಿತ್ತು. ಸಿದ್ದಾಪುರದಾಚೆಯ ಒಂದು ಕಾಫಿ ತೋಟದಲ್ಲಿ ಅಪ್ಪ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ. ನಾವು ಕೊಡ್ಲಿಪೇಟೆ ಕಡೆಯಿಂದ ಬಂದವರು. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು, ಅಪ್ಪ ಅವಳ ತಂಗಿಯನ್ನೇ ಮದುವೆಯಾದ. ಮೊದಲೂ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದೆ, ಆಮೇಲೂ ಚಿಕ್ಕಮ್ಮ ಎಂದೇ ಕರೆದೆ. ‘ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ಕಣೆ’ ಎಂದು ಬೈಯುತ್ತಲೇ ಅವಳು ನನ್ನ ತಲೆಯ ಸಿಕ್ಕು ಬಿಡಿಸುತ್ತಿದ್ದಳು. ನನಗೆ ಒಂಬತ್ತು ತುಂಬುವ ಹೊತ್ತಿಗೆ ಅವಳಿಗೆ ಗಂಡುಮಗುವಾಯಿತು.

ಆಳುಗಳು ವಾಸವಿದ್ದ ಲೈನ್ ಮನೆಗಳಲ್ಲಿ ಒಬ್ಬ ಮಲಯಾಳಿ ಅಜ್ಜಿಯಿದ್ದಳು. ಕಾಫಿ ಹಣ್ಣು ಕೊಯ್ಯಲು ಆಗದಷ್ಟು ವಯಸ್ಸಾದ್ದರಿಂದ ಪಿಕ್ಕಿಂಗ್‌ಗೆ ಹೋದವರ ಮಕ್ಕಳನ್ನು ಗುಡ್ಡೆ ಹಾಕಿಕೊಂಡು ಕೂರುತ್ತಿದ್ದಳು. ಎರಡು ಆಡು ಸಾಕಿದ್ದಳು. ಬಾಣಂತನವನ್ನೂ ಮಾಡುತ್ತಿದ್ದಳು, ಕಥೆಯನ್ನೂ ಹೇಳುತ್ತಿದ್ದಳು. ಸ್ಕೂಲು ಬಿಟ್ಟೊಡನೆ ನಾನು ಅಲ್ಲಿಗೇ ಓಡುತ್ತಿದ್ದೆ. ಅವಳ ಕಥೆಗಳಲ್ಲೆಲ್ಲ ದೊಡ್ಡದು ಅಯ್ಯಪ್ಪನ ಬಾಲ್ಯದ್ದು. ಕಾಡಿನಲ್ಲಿ ಸಿಕ್ಕ ಮಗು, ಕೊರಳಲ್ಲಿ ಚಿನ್ನದ ಗಂಟೆ. ಮಕ್ಕಳಿಲ್ಲದ ರಾಜ ಎತ್ತಿಕೊಂಡು ಬಂದು ಸಾಕುತ್ತಾನೆ. ಆಮೇಲೆ ರಾಣಿಗೆ ತನ್ನದೇ ಮಗು ಹುಟ್ಟುತ್ತದೆ. ಇಲ್ಲಿಗೆ ಬಂದಾಗ ಅಜ್ಜಿ ಎಲೆಯಡಿಕೆ ಉಗಿದು ಬಂದು, ದನಿ ಇಳಿಸುತ್ತಿದ್ದಳು.

‘ಆಮೇಲೆ ರಾಣಿ ಏನ್ ಮಾಡ್ತು? ತಲೆಗೆ ಬಟ್ಟೆ ಕಟ್ತು, ಮಲಗ್ತು. ಅಯ್ಯೋ ತಲೆನೋವು, ಹುಲಿ ಹಾಲು ಬೇಕು ಅಂತು. ತಲೆನೋವು ಎಲ್ಲಿ ಉಂಟು ಮೋಳೇ? ಎಲ್ಲ ಸುಳ್ಳು! ಹುಡುಗ ಕಾಡಿಗೆ ಹೋಗ್ಬೇಕು, ವಾಪಸ್ ಬರಬಾರದು. ಅಷ್ಟೇ.’

ಹುಡುಗ ಹೋಗುತ್ತಾನೆ, ಹುಲಿಯ ಬೆನ್ನ ಮೇಲೆಯೇ ಕೂತು ಮರಿಗಳ ಸಮೇತ ಬರುತ್ತಾನೆ. ಮಿಕ್ಕ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದುದು ಹುಲಿಗೆ. ನಾನು ಮಾತ್ರ ಆ ರಾಣಿಯನ್ನು ಬಿಟ್ಟು ಮುಂದೆ ಹೋಗುತ್ತಲೇ ಇರಲಿಲ್ಲ. ಯಾಕೆಂದರೆ ನಮ್ಮ ಮನೆಯ ಒಳಕೋಣೆಯಲ್ಲಿ ಚಿಕ್ಕಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು, ಪಕ್ಕದಲ್ಲಿ ಅವಳದೇ ಮಗು. ಬಾಣಂತಿಯರೆಲ್ಲ ಥಂಡಿಯಾಗದಿರಲೆಂದು ಹಾಗೆ ಕಿವಿ ಮುಚ್ಚಿ ಕಟ್ಟುತ್ತಾರೆ ಎಂದು ನನಗೆ ಯಾರು ಹೇಳಬೇಕಿತ್ತು? ಬಾಗಿಲ ಸಂದಿಯಿಂದ ಆ ಬಟ್ಟೆಯನ್ನೇ ನೋಡುತ್ತಿದ್ದೆ. ತಲೆಗೆ ಹುಳ ಹೊಕ್ಕಿತು. ಊಟ ಸೇರದು, ನಿದ್ದೆ ಹತ್ತದು. ಅವಳು ಹುಲಿ ಹಾಲು ಕೇಳುವ ದಿನಕ್ಕಾಗಿ ಕಾಯುತ್ತ ಮನೆಯ ಒಳಗೂ ಹೊರಗೂ ಸುತ್ತಿದೆ.

ಕೇಳಿಯೇ ಬಿಟ್ಟಳು. ಬಾಣಂತನದ ಇಪ್ಪತ್ತನೆಯ ದಿನವೋ ಏನೋ. ಶನಿವಾರ, ಅರ್ಧ ದಿನದ ಸ್ಕೂಲು. ಪಿಕ್ಕಿಂಗ್ ಜೋರಾಗಿದ್ದುದರಿಂದ ಅಪ್ಪ ತೋಟದ ಆ ತುದಿಯಲ್ಲಿದ್ದ. ಮಗು ಕಿರುಚುತ್ತಿತ್ತು. ಚಿಕ್ಕಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು.

‘ತಲೆ ಸಿಡೀತಾ ಐತೆ ಕಣವ್ವ. ಹಾಲೂ ಬರ್ತಿಲ್ಲ. ಲೈನಿಗೋಗಿ ಅಜ್ಜಿ ಹತ್ರ ಒಂದ್ ಚೊಂಬು ಆಡಿನ್ ಹಾಲು ಇಸ್ಕೊಂಡು, ಅಜ್ಜಿನೂ ಕರ್ಕೊಂಡ್ ಬಾ. ಬೇಗ ಬಾ.’

ತಲೆನೋವು. ಹಾಲು. ಹುಲಿಯ ಬದಲು ಆಡು, ಅಷ್ಟೇ ವ್ಯತ್ಯಾಸ. ನಾನು ಚೊಂಬು ಹಿಡಿದು ಹೊರಟೆ. ಅವಳ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ ಹಿಂತಿರುಗಿ ನೋಡಲೂ ಇಲ್ಲ.

ಲೈನಿಗೆ ಹೋಗುವ ಒಳದಾರಿಯ ಪಕ್ಕ ಅಯ್ಯಪ್ಪನ ದೇವರಕಾಡು. ಅಲ್ಲಿ ಕೊಡಲಿ ಹಾಕುವಂತಿಲ್ಲ, ಒಂದು ಒಣಕಡ್ಡಿ ತರುವಂತಿಲ್ಲ. ದೊಡ್ಡ ಹೆಂಗಸರು ಗಡಿಕಲ್ಲು ದಾಟುವಂತಿಲ್ಲ. ಬಾಣಂತಿಯಂತೂ ಆ ದಿಕ್ಕಿಗೆ ಹೆಜ್ಜೆಯನ್ನೂ ಇಡುವಂತಿಲ್ಲ. ನನ್ನಂಥ ಚಿಳ್ಳೆಪಿಳ್ಳೆಗಳಿಗೆ ತಡೆಯಿರಲಿಲ್ಲ. ಒಳಗೆ ಮರದ ಬುಡದಲ್ಲಿ ಒಂದು ಕಲ್ಲು, ಅದರ ಸುತ್ತ ಹರಕೆಯ ಮಣ್ಣಿನ ನಾಯಿಗಳು. ಬೇಟೆಯ ದೇವರಿಗೆ ನಮ್ಮ ಕಡೆ ನಾಯಿಯನ್ನೇ ಒಪ್ಪಿಸುವುದು. ಕೆಲವಕ್ಕೆ ಕಿವಿ ಮುರಿದಿತ್ತು, ಕೆಲವು ಪಾಚಿಗಟ್ಟಿದ್ದವು. ನಾನು ಆ ನಾಯಿಗಳ ನಡುವೆ ಹೋಗಿ ಕೂತೆ. ನನ್ನನ್ನು ಕಾಡಿಗೆ ಅಟ್ಟಿದ್ದಾಳಲ್ಲ, ಹುಲಿ ಬರಲಿ, ಅದರ ಮೇಲೆ ಕೂತೇ ಮನೆಗೆ ಹೋಗುತ್ತೇನೆ, ಆಗ ಗೊತ್ತಾಗುತ್ತದೆ ಎಂದು ಹಟ ಹಿಡಿದೆ.

ಹುಲಿ ಬರಲಿಲ್ಲ. ಕೂತೆ, ಎದ್ದೆ, ಮರ ಸುತ್ತಿದೆ, ನಾಯಿಗಳನ್ನು ಎಣಿಸಿದೆ, ತಪ್ಪಿ ಮತ್ತೆ ಎಣಿಸಿದೆ. ಎಲೆ ಸರಿದರೆ ಬಂತು ಎಂದು ನಿಲ್ಲುತ್ತಿದ್ದೆ, ಆಮೇಲೆ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಿಸಿಲು ಇಳಿಯಿತು. ಹೊಟ್ಟೆ ಚುರುಗುಟ್ಟಿತು. ಆದರೂ ಲೈನಿಗೆ ಹೋಗಲಿಲ್ಲ, ಮನೆಗೂ ಹೋಗಲಿಲ್ಲ.

ಆಗ ಗಡಿಕಲ್ಲಿನ ಹತ್ತಿರದಿಂದ ನನ್ನ ಹೆಸರು ಕೂಗಿದ್ದು ಕೇಳಿಸಿತು. ಚಿಕ್ಕಮ್ಮ. ತಲೆಯ ಬಟ್ಟೆ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ನಾನು ಮರದ ಹಿಂದೆ ಅಡಗಿದೆ. ಮೂರು ಸಲ ಕೂಗಿದಳು. ಮೂರು ಸಲವೂ ನಾನು ಬಾಯಿ ಬಿಡಲಿಲ್ಲ. ಕಥೆಯಲ್ಲಿ ರಾಣಿ ಹುಡುಕಿಕೊಂಡು ಬರುವುದೇ ಇಲ್ಲವಲ್ಲ, ಇವಳು ಯಾಕೆ ಬಂದಳು ಎಂದು ಯೋಚಿಸುತ್ತಿದ್ದಂತೆ ಅವಳು ಗಡಿಕಲ್ಲಿನ ಮುಂದೆ ನಿಂತು ಕೈಮುಗಿದಳು. ಮುಗಿದು, ದಾಟಿದಳು.

ಬಂದವಳು ನನ್ನ ತೋಳು ಹಿಡಿದಳು. ಅವಳ ಕೈ ಕಾದ ಹೆಂಚಾಗಿತ್ತು.

‘ಪಾಪು ಎಲ್ಲಿ?’ ಎಂದೆ.

‘ಮನೇಲಿ ಒಂದೇ ಅಳ್ತಾ ಐತೆ. ನೀನು ನಡಿ.’

ಮನೆಯ ಮೆಟ್ಟಿಲ ಮೇಲೆ ಕುಸಿದು ಬಿದ್ದಳು. ನಾನು ಕಿರುಚಿಕೊಂಡು ಲೈನಿಗೆ ಓಡಿದೆ, ಅಜ್ಜಿ ಬಂದಳು, ಅಪ್ಪ ಬಂದ. ತೋಟದ ಲಾರಿಯಲ್ಲಿ ಮಲಗಿಸಿಕೊಂಡು ಸಿದ್ದಾಪುರದ ಡಾಕ್ಟರ ಹತ್ತಿರ ಕರೆದೊಯ್ದರು. ಬಾಣಂತಿ ಜ್ವರ, ಮಧ್ಯಾಹ್ನವೇ ತಂದಿದ್ದರೆ ಚೆನ್ನಾಗಿತ್ತು ಎಂದರಂತೆ. ಬಾಣಂತಿ ದೇವರಕಾಡು ಹೊಕ್ಕರೆ ಇನ್ನೇನಾಗುತ್ತದೆ ಎಂದು ಲೈನಿನ ಹೆಂಗಸರು ಮಾತಾಡಿಕೊಂಡರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಹತ್ತು ದಿನ ಅವಳು ಅಲ್ಲೇ ಇದ್ದಳು. ಹತ್ತು ದಿನವೂ ಲಾರಿಯ ಸದ್ದಾದಾಗೆಲ್ಲ ನಾನು ಬಾಗಿಲ ಹಿಂದೆ ಅಡಗುತ್ತಿದ್ದೆ. ಅವಳು ಸತ್ತರೆ ಕೊಂದವಳು ನಾನು ಎಂದು ನನಗೆ ಖಚಿತವಾಗಿತ್ತು.

ಸಾಯಲಿಲ್ಲ. ಹನ್ನೊಂದನೆಯ ದಿನ ಅಪ್ಪನ ತೋಳು ಹಿಡಿದು ನಡೆದೇ ಮನೆಯೊಳಗೆ ಬಂದಳು. ಹಾಲು ಮಾತ್ರ ಪೂರ್ತಿ ಬತ್ತಿಹೋಗಿತ್ತು. ತಮ್ಮ ಆಡಿನ ಹಾಲಿನಲ್ಲಿ ಬೆಳೆದ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಆ ಹಾಲು ತರುತ್ತಿದ್ದವಳು ನಾನು. ಯಾರೂ ಹೇಳಬೇಕಾಗಿರಲಿಲ್ಲ. ಅದೇ ಚೊಂಬು, ಅದೇ ಒಳದಾರಿ, ಓಟ. ‘ದಾರಿ ತಪ್ಪಿತ್ತು ಕಣ್ರೀ, ಮಗೀನ ಬೈಬೇಡಿ’ ಎಂದು ಚಿಕ್ಕಮ್ಮ ಅಪ್ಪನಿಗೆ ಹೇಳಿಬಿಟ್ಟಿದ್ದಳು. ದಿನಾ ಓಡಾಡುವ ದಾರಿ ಹೇಗೆ ತಪ್ಪಿತು ಎಂದು ನನ್ನನ್ನು ಅವಳು ಕೇಳಲೇ ಇಲ್ಲ. ಕೇಳಿದ್ದರೆ ನನ್ನ ಭಾರ ಅವತ್ತೇ ಇಳಿಯುತ್ತಿತ್ತು.

ತಮ್ಮನಿಗೆ ನಾಲ್ಕು ವರ್ಷವಾದಾಗ ಒಂದು ಸಂಜೆ ಹುಲಿಯ ಕಥೆ ಹೇಳು ಎಂದು ಹಟ ಮಾಡಿದ. ಚಿಕ್ಕಮ್ಮ ಅಲ್ಲೇ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ನಾನು ರಾಣಿಯನ್ನು ಹಾರಿಸಿ ನೇರ ಕಾಡಿಗೇ ಹೋದೆ. ಅವನು ಬಿಡಬೇಕಲ್ಲ.

‘ಯಾಕೆ ಕಾಡಿಗೋದ?’

‘ಹಾಲು ತರೋಕೆ.’

‘ಯಾಕೆ ಅಂತ ನಂಗೊತ್ತು! ರಾಣಿಗೆ ತಲೆನೋವು. ಸುಳ್ಳು ತಲೆನೋವು. ಅಜ್ಜಿ ಹೇಳಿದ್ಲು.’

ಚಿಕ್ಕಮ್ಮ ಮೊರದಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

‘ಸುಳ್ಳಲ್ಲ ಕಣೋ’ ಎಂದಳು. ‘ರಾಣಿಗೆ ನಿಜ್ವಾಗ್ಲೂ ತಲೆನೋವಿತ್ತು. ಆ ಮಗೀಗೆ ಗೊತ್ತಿರ್ಲಿಲ್ಲ, ಅಷ್ಟೇಯ.’

ನಾನು ಚೊಂಬು ತೆಗೆದುಕೊಂಡು ಎದ್ದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

‘ಕೂತ್ಕಳೆ. ಇವತ್ತೊಂದಿನ ನಾನೇ ತರ್ತೀನಿ ಹಾಲ.’

ಕೂರಲು ನನಗೆ ಆಗಲಿಲ್ಲ.