ಹಳದಿಯಾದ ಕುರ್ದಿ ನೀರು

ಗೆಳತಿಯರೇ, ಇವತ್ತು ಬಸ್ರೂರಿನಿಂದ ಮದುಮಗಳಾಗಿ ಬಂದ ನಮ್ಮ ಸೊಸೆ ಹೊಸಿಲಾಚೆಯೇ ನಿಲ್ಲುವಂತಾಯಿತು. ಆರತಿಗೆಂದು ನಾನು ಅರಿಶಿನ, ಸುಣ್ಣ ಕಲಸಿ ಇಟ್ಟಿದ್ದ ಕೆಂಪು ಕುರ್ದಿ ನೀರು ಹಳದಿಯಾಗಿತ್ತು!

“ಹೆಣ್ಣಿನ್ ಕಾಲ್ಗುಣ ಕಾಣಿ! ಒಳ್ಗ್ ಕರಿಬೇಡಿ!” ಎಂದು ಅತ್ತಿಗೆ ಬೊಬ್ಬೆ ಹೊಡೆದರು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ನನ್ನ ಮಗಳು ಮುಂದೆ ಬಂದಳು. “ಅತ್ತೆ, ಅದ್ ನಾನ್ ಮಾಡ್ದದ್. ಆ ಸುಣ್ಣದ್ ಕೆಂಪ್ ಹೋಪುಕೆ ಎಷ್ಟ್ ಹುಳಿ ಬೇಕ್ ಅಂದೇಳಿ ಲೆಕ್ಕ ಕಾಂಬುಕೆ ಲಿಂಬಿಹುಳಿ ಹಿಂಡ್ದೆ.” ಚಿಟಿಕೆ ಸುಣ್ಣ ಹಾಕಿದಳು, ನೀರು ಕೆಂಪಾಯಿತು.

ಅತ್ತಿಗೆ ಕಣ್ಣರಳಿಸಿದರು. “ಹೌದನಾ? ಹಂಗಾರ್ ಇನ್ನೊಂದ್ಸಲ ಹಳ್ದಿ ಮಾಡ್, ಕಾಂಬ!”

ಹಳದಿ, ಕೆಂಪು, ಮತ್ತೆ ಹಳದಿ. ನಿಂತು ಕಾಲು ಸೋತ ಸೊಸೆ ತಾನೇ ಬಲಗಾಲಿಟ್ಟು ಒಳಗೆ ಬಂದಳು. ಆಗ ನೀರು ಯಾವ ಬಣ್ಣದಲ್ಲಿತ್ತೋ, ಆ ದೇವರೇ ಬಲ್ಲ.