ಹಲ್ಲಿನಿಂದ ಕೇಳುತ್ತಿದ್ದವರು

ಹೋದ ವಾರ ಹುನಗುಂದದಲ್ಲಿ ಹಳೆಯ ಜೀಪೊಂದನ್ನು ನೋಡಲು ಹೊರಟಾಗ ಪೆಟ್ಟಿಗೆಯ ತಳದಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಚೀಲಕ್ಕೆ ಹಾಕಿಕೊಂಡೆ. ಕಬ್ಬಿಣಕ್ಕೆ ತುಕ್ಕು ಹಿಡಿದಿದೆ. ಕಟ್ಟಿಗೆಯ ಹಿಡಿಯಲ್ಲಿ ಮಾತ್ರ ಸುಟ್ಟ ಆಯಿಲ್ ವಾಸನೆ ಇನ್ನೂ ಹೋಗಿಲ್ಲ. ಹಿಡಿಯ ತುದಿಯಲ್ಲಿ ಹಲ್ಲಿನ ಗುರುತುಗಳಿವೆ. ಅವು ನನ್ನವಲ್ಲ...

ಇಳಕಲ್ಲಿನ ಒಂದು ಕಲ್ಲಿನ ಕ್ವಾರಿಯಲ್ಲಿ ನಾನು ಮೇಲ್ವಿಚಾರಕನಾಗಿದ್ದ ಕಾಲ. ಆ ದಾರಿಗೆ ನಾಲ್ಕೂ ಗಾಲಿ ಎಳೆಯುವ ಜೀಪೇ ಬೇಕಿತ್ತು. ಹಳೆಯ ಜೀಪು ಕೊಳ್ಳುವವರೆಲ್ಲ ಮೊದಲು ಬಸ್‌ಸ್ಟ್ಯಾಂಡಿನ ಹಿಂದೆ ಗಾಡಿ ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬ ಮಿಸ್ತ್ರಿಯವರನ್ನು ಕರೆದುಕೊಂಡು ಹೋಗುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ಬೇಡವೆಂದ ಗಾಡಿಯನ್ನು ಊರಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಕಾಕಾ ಬಣ್ಣ ನೋಡುತ್ತಿರಲಿಲ್ಲ, ಸೀಟು ನೋಡುತ್ತಿರಲಿಲ್ಲ. ಬಾನೆಟ್ ಎತ್ತಿಸಿ ಇಂಜಿನ್ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ ಮುಗಿಯಿತು, ಹೋಗಿ ಬೇವಿನ ಗಿಡದ ನೆರಳಲ್ಲಿ ಕುಳಿತುಬಿಡುತ್ತಿದ್ದರು. "ನಾವು ಬರೂದ್ರಾಗ ಬಿಸಿ ಮಾಡಿ ಇಟ್ಟಾರ. ಆರಲಿ. ತಣ್ಣಗಿದ್ದಾಗ ಖರೆ ಹೇಳತೈತಿ." ಆರಿದ ಮೇಲೆ ಎಷ್ಟನೆಯ ಸಲಕ್ಕೆ ಚಾಲೂ ಆಗುತ್ತದೆ, ಹೊಗೆ ಯಾವ ಬಣ್ಣದ್ದು, ಆಯಿಲ್ ಮುಚ್ಚಳ ತೆಗೆದರೆ ಒಳಗಿನಿಂದ ಹೊಗೆ ಏದುಸಿರಿನಂತೆ ಬರುತ್ತದೆಯೇ, ಎಲ್ಲ ನೋಡುತ್ತಿದ್ದರು. ಕೊನೆಗೆ ಈ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಬೇರೆ ಮಿಸ್ತ್ರಿಗಳು ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ. ಇವರದು ಏನೋ ಒಂದು ಚಾಳಿ ಎಂದುಕೊಂಡಿದ್ದೆವು.

ಒಂದು ಮಧ್ಯಾಹ್ನ ಅವರ ಹಿಂದೆ ನಿಂತು ಮೂರು ಸಲ ಕರೆದೆ. ತಿರುಗಲಿಲ್ಲ. ಪಕ್ಕದಲ್ಲೇ ಕಲ್ಲಿನ ಲಾರಿ ಹಾರ್ನ್ ಹೊಡೆಯಿತು. ಆಗಲೂ ಕದಲಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿ ತಿರುಗಿದರು. ನನ್ನ ಮುಖ ನೋಡಿಯೇ ಎಲ್ಲ ತಿಳಿದುಹೋಯಿತು ಅವರಿಗೆ.

"ಕಿವಿ ಹೋಗಿ ಭಾಳ ದಿನಾ ಆತು ತಮ್ಮಾ. ತುಟಿ ನೋಡಿ ಮಾತು ತಿಳಕೋತೇನಿ. ಇಂಜಿನ್ ಮಾತ್ರ ಹಲ್ಲಿಗೆ ಕೇಳತೈತಿ, ಎಲುಬಿನಾಗ ಹಾದು ಬರತೈತಿ. ಯಾರ ಮುಂದನೂ ಹೇಳಬ್ಯಾಡ."

ಹೇಳುವುದಿಲ್ಲ ಎಂದು ತಲೆಯ ಮೇಲೆ ಕೈ ಇಟ್ಟುಕೊಂಡು ಆಣೆ ಮಾಡಿದೆ.

ನನ್ನ ನಾಲಿಗೆಗೆ ಮೂಳೆಯಿಲ್ಲ. ನಾಲ್ಕು ಜನ ನಕ್ಕರೆ ನನಗೆ ಹಬ್ಬ. ಎರಡು ತಿಂಗಳಾಗಿರಲಿಲ್ಲ, ಹುನಗುಂದದ ಕೋರ್ಟಿನ ಎದುರಿನ ಚಾದಂಗಡಿಯಲ್ಲಿ ಯಾರೋ ಕಾಕಾ ಅವರನ್ನು ಹೊಗಳಿದರು. ನಾನು ಬಾಯಿ ಹಾಕಿದೆ: "ನಮ್ಮ ಮಿಸ್ತ್ರಿಗೆ ಎರಡೂ ಕಿವಿ ಕೇಳಂಗಿಲ್ಲಲೇ. ಅಂವಾ ಇಂಜಿನ್ ಕಚ್ಚಿ ನೋಡ್ತಾನ!" ಎಲ್ಲರೂ ನಕ್ಕರು. ಅವರನ್ನು ಏಕವಚನದಲ್ಲಿ ಅಂದದ್ದು ಅದೇ ಮೊದಲು. ನಕ್ಕವರಲ್ಲಿ ಒಬ್ಬ ಜೀಪಿನ ದಲಾಲಿ. ಅವನ ಎರಡು ಗಾಡಿಗಳನ್ನು ಕಾಕಾ ಬೇಡವೆಂದಿದ್ದರು.

ಆಮೇಲೆ ಅವನು ಊರೂರು ತಿರುಗಿ ಆಡಿದ ಮಾತು ಒಂದೇ. "ಕಿವುಡನ ಮಾತು ಕೇಳಿ ಚಲೋ ಗಾಡಿ ಬಿಡ್ತೀರೇನ್ರಿ?" ಜನ ಬರುವುದು ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. ಕಾಕಾ ಬೆಳಗ್ಗೆ ಬಾಗಿಲು ತೆಗೆದು, ಎಣ್ಣೆಯೇ ಹತ್ತದ ಕೈಗಳನ್ನು ಒರೆಸಿಕೊಳ್ಳುತ್ತ ಕೂರುತ್ತಿದ್ದರು. ನಾನು ಆ ಬೀದಿಯನ್ನೇ ಬಿಟ್ಟು ಸುತ್ತು ಹಾಕಿ ಓಡಾಡಿದೆ. ನಾಚಿಕೆಗೆಟ್ಟವನು ನಾನು, ಒಂದು ಸಲ ಹೋಗಿ ಕಾಲು ಹಿಡಿಯಬಹುದಿತ್ತು.

ಅಂಗಡಿ ಮುಚ್ಚುವ ದಿನ ಅವರೇ ಕ್ವಾರಿಗೆ ಬಂದರು. ಶಿವಯೋಗ ಮಂದಿರದ ಹತ್ತಿರ ಮಗಳ ಮನೆಗೆ ಹೊರಟಿದ್ದರು. ಸ್ಕ್ರೂಡ್ರೈವರನ್ನು ನನ್ನ ಕೈಯಲ್ಲಿಟ್ಟು, "ನಿನಗ ಕಿವಿ ಅದಾವ. ಇನ್ನ ನೀನಽ ಕೇಳು," ಎಂದರು. ಸಿಟ್ಟಿರಲಿಲ್ಲ. ತಪ್ಪಾಯಿತು ಎಂದು ನಾನು ಹೇಳುವ ಹೊತ್ತಿಗೆ ಅವರು ಬೆನ್ನು ತಿರುಗಿಸಿ ನಡೆಯುತ್ತಿದ್ದರು. ತುಟಿ ನೋಡದೆ ಅವರಿಗೆ ಹೇಗೆ ಕೇಳಬೇಕು... ಓಡಿ ಹೋಗಿ ಎದುರು ನಿಲ್ಲಲಿಲ್ಲ ನಾನು. ಮುಂದೊಮ್ಮೆ ಮಗಳ ಮನೆ ಹುಡುಕಿಕೊಂಡು ಹೋದಾಗ ಅವರು ತೀರಿಕೊಂಡು ವರ್ಷವಾಗಿತ್ತು.

ಇಂದಿಗೂ ರಸ್ತೆಯಲ್ಲಿ ಹಾರ್ನಿಗೆ ಕದಲದ ಮುದುಕರನ್ನು ಕಂಡರೆ ಗಾಡಿ ನಿಲ್ಲಿಸಿ, ಅವರು ದಾಟುವವರೆಗೆ ಕಾಯುತ್ತೇನೆ.

ಹುನಗುಂದದ ಜೀಪಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ನೆರಳು ಹುಡುಕಿ ಕುಳಿತೆ. ಮಾರುವವನು ಚಡಪಡಿಸಿದ. ಆರಿದ ಮೇಲೆ ಚಾಲೂ ಮಾಡಿಸಿ, ತುದಿಯನ್ನು ಇಂಜಿನ್ನಿಗೆ ಆನಿಸಿದೆ. ಕಿವಿಗೆ ಇಡಲು ಹೋದ ಕೈ ಯಾಕೋ ಬಾಯಿಗೆ ಬಂತು. ನನ್ನ ಹಲ್ಲುಗಳು ಕಾಕಾ ಅವರ ಹಲ್ಲಿನ ಗುರುತುಗಳಲ್ಲೇ ಕೂತವು. ದವಡೆಯೊಳಗೆ ಸಣ್ಣಗೆ, ಬಿಟ್ಟು ಬಿಟ್ಟು, ಟಕ್ ಟಕ್ ಎಂದು ಬಡಿಯಿತು. ಇಂಜಿನ್ನಿನೊಳಗೆ ಏನೋ ಸವೆದಿತ್ತು, ಹೊರಗೆ ಆ ಸದ್ದೇ ಇರಲಿಲ್ಲ. ಅವರು ನನ್ನ ಹಿಂದೆಯೇ ನಿಂತಿದ್ದಾರೆ ಎನಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಗಾಡಿ ಬೇಡವೆಂದೆ. ಮಾರುವವನು ಜೋರಾಗಿ ನಕ್ಕ. "ಕಚ್ಚಿ ನೋಡ್ತೀರಲ್ರಿ ಸಾಹೇಬ್ರ, ಕಿವಿ ಕೇಳಂಗಿಲ್ಲೇನ್ರಿ ನಿಮಗ?"

"ಇಲ್ರೀ, ಕೇಳಂಗಿಲ್ಲ," ಎಂದೆ.

ಸಂಜೆಯೊಳಗೆ ಅವನು ಅದನ್ನು ಚಾದಂಗಡಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿರುತ್ತಾನೆ. ಹೇಳಲಿ.